ಸೋಂಕಿನ ಸೀಸನ್ನುಗಳಲ್ಲಿ ಕಬಡ್ಡಿಯ ದಮ್ಮು

ಈ ಸಲ ಕಬಡ್ಡಿ ರೆಫರಿ ಪರೀಕ್ಷೆ ಪಾಸು ಮಾಡಿದ ನಮ್ಮ ಕಡೆಯ ಕೆಲವು ಹುಡುಗ ಹುಡುಗಿಯರು ಮೊನ್ನೆ ಮನೆಗೆ ಬಂದಿದ್ದರು. "ಮೇಡಂ, ನಿಯಮ ಎಲ್ಲ ಬಾಯಿಪಾಠ ಆಗಿದೆ. ಇನ್ನೇನು ಕಲೀಬೇಕು ಹೇಳಿ" ಅಂದರು. ಕಾಫಿ ಕೊಟ್ಟು, ಕೋಡುಬಳೆ ಕೊಟ್ಟು, ಅದೂ ಇದೂ ಮಾತಾಡಿ ಕಳಿಸಿಬಿಟ್ಟೆ. ಅವರು ಗೇಟು ದಾಟಿದ ಮೇಲೆ, ಕೇಳಿದ್ದಕ್ಕೆ ಉತ್ತರವನ್ನೇ ಕೊಡಲಿಲ್ಲವಲ್ಲ ಅನ್ನಿಸಿತು. ಆ ಉತ್ತರ ಕಾಫಿ ಆರುವಷ್ಟರಲ್ಲಿ ಹೇಳಿ ಮುಗಿಸುವಂಥದ್ದಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಅರಸೀಕೆರೆಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಿಲ್ ಮೇಡಂ ಆಗಿದ್ದವಳು. ಶನಿವಾರ, ಭಾನುವಾರ, ರಜೆ ದಿನ ಅಂತ ನೋಡದೆ ಸೀಟಿ ಕೊರಳಿಗೆ ಹಾಕಿಕೊಂಡು ಕಬಡ್ಡಿ ಅಂಕಣಕ್ಕೆ ಹೋಗುತ್ತಿದ್ದೆ. ಗಂಡಸರ ಆಟಕ್ಕೆ ಹೆಂಗಸು ರೆಫರಿ ಅಂತ ಮೊದಲ ವರ್ಷಗಳಲ್ಲಿ ನಗುತ್ತಿದ್ದವರು ಆಮೇಲೆ ತಮ್ಮ ಹೆಣ್ಣುಮಕ್ಕಳನ್ನು ನನ್ನ ಹತ್ತಿರ ಕಲಿಯಲು ಕಳಿಸಿದರು. ಯಾವ ವರ್ಷ ಯಾವ ದರ್ಜೆ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದನ್ನು ಬಿಟ್ಟುಬಿಡುತ್ತೇನೆ. ಅದರಿಂದ ನಿಮಗೇನೂ ಉಪಯೋಗವಿಲ್ಲ.

ನನಗೆ ಸೀಟಿ ಹಿಡಿಯುವುದನ್ನು ಕಲಿಸಿದವರು ಬಾಣಾವರದ ರುದ್ರಪ್ಪ ಮೇಷ್ಟ್ರು. ನಮ್ಮ ಭಾಗಕ್ಕೆಲ್ಲ ಅವರೇ ಮುಖ್ಯ ರೆಫರಿ. ತೆಳ್ಳಗೆ, ಎತ್ತರಕ್ಕೆ, ಮಾತು ಕಡಿಮೆ. ಅವರ ಪಾಠ ವಿಚಿತ್ರವಾಗಿರುತ್ತಿತ್ತು. ಅಂಕಣದ ಕಡೆಗೆ ಬೆನ್ನು ಹಾಕಿ ನನ್ನನ್ನು ನಿಲ್ಲಿಸುತ್ತಿದ್ದರು. ರೇಡರ್ ಎದುರಾಳಿ ಅಂಕಣಕ್ಕೆ ನುಗ್ಗಿ "ಕಬಡ್ಡಿ ಕಬಡ್ಡಿ" ಎನ್ನುತ್ತಿರುವಾಗ ದಮ್ಮು ಎಲ್ಲಿ ಮುರಿಯಿತು ಎಂದು ಕಿವಿಯಿಂದಲೇ ಹೇಳಬೇಕು. ರೇಡರ್ ಒಂದೇ ಉಸಿರಿನಲ್ಲಿ ಒಳಗೆ ಹೋಗಿ, ಮುಟ್ಟಿ, ವಾಪಸು ಬರಬೇಕು. ನಡುವೆ ಕದ್ದು ಉಸಿರು ಎಳೆದುಕೊಂಡರೆ ಔಟ್. ಕೈಕಾಲು ತಾಗಿದ್ದನ್ನು ಎಲ್ಲರ ಕಣ್ಣೂ ನೋಡುತ್ತದೆ. ಉಸಿರನ್ನು ಹಿಡಿಯುವುದು ರೆಫರಿಯ ಕಿವಿ ಮಾತ್ರ.

ನನ್ನ ಮೊದಲ ದೊಡ್ಡ ತಪ್ಪು ಆದದ್ದು ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ. ಬಸದಿಗಳಿಂದ ಸ್ವಲ್ಪ ದೂರದ ಬಯಲಲ್ಲಿ ಪಂದ್ಯ. ಮೈಕಿನವನು ಕಿವಿ ಹಾರಿಹೋಗುವ ಹಾಗೆ ಹಾಡು ಹಾಕಿದ್ದ. ರೇಡರಿನ ದನಿ ನನಗೆ ಸರಿಯಾಗಿ ಕೇಳಲಿಲ್ಲ. ಕೇಳದಿದ್ದರೂ ದಮ್ಮು ಬಿಟ್ಟ ಅಂತ ಸೀಟಿ ಊದಿದೆ. ಅವನು ಬಿಟ್ಟಿರಲಿಲ್ಲ. ಗೆರೆಯ ಹತ್ತಿರ ಕೂತಿದ್ದ ಮುದುಕರೊಬ್ಬರು ಎದ್ದು ಬಂದು, "ಏನವ್ವಾ, ನೀನು ಆಟ ನೋಡಾಕೆ ಬಂದಿದ್ದೀಯೋ ಹಾಡು ಕೇಳಾಕೆ ಬಂದಿದ್ದೀಯೋ?" ಅಂದರು. ಎಲ್ಲರೂ ನಕ್ಕರು.

ವಾಪಸು ಬರುವ ಬಸ್ಸಿನಲ್ಲಿ ರುದ್ರಪ್ಪ ಮೇಷ್ಟ್ರು ಒಂದೇ ಮಾತು ಹೇಳಿದರು. "ಕೇಳದೇ ಇದ್ರೆ ಕೇಳಿಲ್ಲ ಅನ್ನು ಗಿರಿಜಾ. ಕೇಳಿದ್ರೆ ಕೇಳ್ತು ಅನ್ನು. ಊಹೆ ಮಾಡಿ ಊದಬೇಡ ಕಣಮ್ಮ."

ಆಮೇಲೆ ನಮ್ಮ ಕಡೆ ಲೀಗು ಶುರುವಾಯಿತು. ಆರು ತಂಡ. ಕೊಬ್ಬರಿ ಮಂಡಿಯವರು, ಕಾಫಿ ತೋಟದವರು, ಬಸ್ಸಿನ ಮಾಲೀಕರು ಒಂದೊಂದು ತಂಡ ಹಿಡಿದರು. ಹುಡುಗರಿಗೆ ಸೀಸನ್ನಿನ ಮೂರು ತಿಂಗಳು ಅದೇ ಉದ್ಯೋಗ. ಅರಸೀಕೆರೆ ತಂಡವನ್ನು ನಡೆಸಿದವರು ಕೊಬ್ಬರಿ ವ್ಯಾಪಾರಿ ಶಿವಲಿಂಗಣ್ಣ. ಲೀಗಿನ ಅಧ್ಯಕ್ಷರೂ ಅವರೇ. ಮಣ್ಣಿನ ಅಂಕಣ, ಸುಣ್ಣದ ಗೆರೆ ಹೋಗಿ ಮ್ಯಾಟು ಬಂತು. ಒಂದು ರೇಡಿಗೆ ಮೂವತ್ತು ಸೆಕೆಂಡ್ ಅಂತ ಗಡಿಯಾರ ಬಂತು. ಮುಂಚೆ ಗಟ್ಟಿ ದಮ್ಮಿನವರು ಒಂದು ನಿಮಿಷ ಒಳಗೇ ಸುತ್ತಾಡಿ ಜನರಿಗೆ ಬೇಜಾರು ತರಿಸುತ್ತಿದ್ದರು, ಅದು ನಿಂತುಹೋಯಿತು. ಒಳ್ಳೆಯದೇ ಆಯಿತು.

ಎಲ್ಲವೂ ಹೊಸದಾಗಿ ಬಂತು. ಆದರೆ ರೋಗ ಬಂದರೆ ಏನು ಮಾಡಬೇಕು ಎಂಬುದನ್ನು ಯಾರೂ ಬರೆದಿರಲಿಲ್ಲ. ಕಬಡ್ಡಿಯಂತೆ ಮೈಗೆ ಮೈ ಹಚ್ಚಿ, ಮುಖಕ್ಕೆ ಮುಖ ಕೊಟ್ಟು, ಒಬ್ಬರ ಬೆವರಲ್ಲಿ ಇನ್ನೊಬ್ಬರು ಒದ್ದೆಯಾಗುವ ಆಟ ಬೇರೆ ಇಲ್ಲ. ವೈರಸ್ಸಿಗೆ ಅದಕ್ಕಿಂತ ಸುಗ್ಗಿ ಇನ್ನೇನು ಬೇಕು?

ಮೊದಲು ಬಂದದ್ದು ಮದ್ರಾಸ್ ಐ. ಬೇಲೂರು ತಂಡದ ಒಬ್ಬನಿಗೆ ಬೆಳಿಗ್ಗೆ ಕಣ್ಣು ಕೆಂಪಾಯಿತು. ಎರಡೇ ದಿನದಲ್ಲಿ ಇಡೀ ತಂಡಕ್ಕೆ ಹಬ್ಬಿತು. ಅವರು ಕಪ್ಪು ಕನ್ನಡಕ ಹಾಕಿಕೊಂಡು ಸಾಲಾಗಿ ಬಸ್ಸಿಳಿದು ಬಂದಾಗ ಸಿನಿಮಾ ಶೂಟಿಂಗ್ ಅಂದುಕೊಂಡು ಜನ ಸೇರಿದರು. ಕನ್ನಡಕ ಹಾಕಿಕೊಂಡೇ ಆಡುತ್ತೇವೆ ಅಂದರು. ಗಟ್ಟಿ ವಸ್ತು ಯಾವುದೂ ಮೈಮೇಲೆ ಇರಬಾರದು, ಆಗುವುದಿಲ್ಲ ಅಂದೆ. ಅವರ ನಾಯಕ ನೀರು ಸುರಿಯುವ ಕಣ್ಣನ್ನು ಕಿರಿದು ಮಾಡಿಕೊಂಡು, "ಮೇಡಂ, ಕಣ್ ಕಾಣ್ದಿದ್ರೇನು, ಕೈಗೆ ಕಾಲು ಸಿಕ್ರೆ ಸಾಕು, ಹಿಡ್ಕಂಬುಡ್ತೀವಿ" ಅಂದ.

ಆವತ್ತು ಆಟ ನಿಲ್ಲಿಸಬೇಕಿತ್ತು. ನಾವು ನಿಲ್ಲಿಸಲಿಲ್ಲ. ಕಣ್ಣುಬೇನೆ ತಾನೆ, ಯಾರು ಸಾಯುತ್ತಾರೆ ಅಂದುಕೊಂಡೆವು. ವಾರದೊಳಗೆ ಆರು ತಂಡಕ್ಕೂ ಬಂತು. ನನಗೂ ಬಂತು, ರುದ್ರಪ್ಪ ಮೇಷ್ಟ್ರಿಗೂ ಬಂತು. ಮುಂದಿನ ಪಂದ್ಯಕ್ಕೆ ನಾವಿಬ್ಬರೂ ಕಪ್ಪು ಕನ್ನಡಕ ಹಾಕಿಕೊಂಡು ಗೆರೆಯ ಹತ್ತಿರ ನಿಂತಾಗ ಗುಂಪಿನಿಂದ ಒಬ್ಬ ಕೂಗಿದ: "ಈಗ್ಲಾದ್ರೂ ಒಪ್ಕಂಡ್ರಲ್ಲಪ್ಪಾ, ರೆಫ್ರಿಗಳಿಗೆ ಕಣ್ ಕಾಣಾಕಿಲ್ಲ ಅಂತ!" ಎಂದೂ ನಗದ ರುದ್ರಪ್ಪ ಮೇಷ್ಟ್ರು ಕೂಡ ನಕ್ಕುಬಿಟ್ಟರು.

ಇನ್ನೊಂದು ಸೀಸನ್ನಿನಲ್ಲಿ ಚಿಕೂನ್‌ಗುನ್ಯಾ ಬಂತು. ಹಳೇಬೀಡು ತಂಡದವರು ಉಳಿದುಕೊಂಡಿದ್ದ ಮನೆಯ ಹಿಂದೆ ಎಳನೀರು ಕುಡಿದು ಎಸೆದ ಚಿಪ್ಪುಗಳ ರಾಶಿ ಇತ್ತು. ಮಳೆ ನೀರು ನಿಂತಿತ್ತು. ಸೊಳ್ಳೆಗೆ ಅಷ್ಟು ಸಾಕಾಯಿತು. ಜ್ವರ ಮೂರು ದಿನದಲ್ಲಿ ಬಿಟ್ಟಿತು, ಕೀಲುನೋವು ಬಿಡಲಿಲ್ಲ. ಇಪ್ಪತ್ತೆರಡು ವರ್ಷದ ಹುಡುಗರು ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿಯುತ್ತಿದ್ದರು. ಟಾಸಿಗೆ ನಾಣ್ಯ ಚಿಮ್ಮಿದೆ. ಅದು ಹಳೇಬೀಡು ನಾಯಕನ ಕಾಲ ಬಳಿ ಬಿತ್ತು. ಅವನು ಬಗ್ಗಲು ನೋಡಿದ, ಆಗಲಿಲ್ಲ. "ಮೇಡಂ, ಏನ್ ಬಿದ್ದೈತೆ ಅಂತ ನೀವೇ ನೋಡ್ಬುಡಿ" ಅಂದ.

ಈ ಸಲ ನಾನು ರುದ್ರಪ್ಪ ಮೇಷ್ಟ್ರ ಹತ್ತಿರ ಹೋಗಿ, ಇವರನ್ನು ಆಡಿಸುವುದು ಬೇಡ ಅಂದೆ. ಅವರು ಶಿವಲಿಂಗಣ್ಣನವರಿಗೆ ಹೇಳಿದರು. ಶಿವಲಿಂಗಣ್ಣ ಗೊಣಗಿದರು, ಜನ ಸೇರಿದ್ದಾರೆ ಅಂದರು, ಕೊನೆಗೆ ಹುಡುಗರು ನಡೆಯುವುದನ್ನು ಕಣ್ಣಾರೆ ನೋಡಿ ಒಪ್ಪಿದರು. ಎರಡು ವಾರ ಪಂದ್ಯ ಮುಂದಕ್ಕೆ ಹೋಯಿತು. ರೋಗದ ಕಾರಣಕ್ಕೆ ಪಂದ್ಯ ಮುಂದೂಡಬಹುದು ಎಂಬ ಸಾಲು ಆವತ್ತು ನಮ್ಮ ಲೀಗಿನ ಕಾಗದಕ್ಕೆ ಸೇರಿತು. ಆದರೆ ಆಟ ನಡೆಯುತ್ತಿರುವಾಗಲೇ ರೋಗ ಕಂಡರೆ ಯಾರು ಏನು ಮಾಡಬೇಕು ಎಂದು ಬರೆಯುವುದು ಯಾರಿಗೂ ಹೊಳೆಯಲಿಲ್ಲ.

ಅಷ್ಟರಲ್ಲಿ ಕೋವಿಡ್ ಬಂತು. ಮೊದಲ ಎರಡು ಅಲೆಯಲ್ಲಿ ಲೀಗೇ ಇರಲಿಲ್ಲ. ಮ್ಯಾಟು ಸುರುಳಿ ಸುತ್ತಿ ಶಿವಲಿಂಗಣ್ಣನವರ ಮಂಡಿಯಲ್ಲಿ ಕೊಬ್ಬರಿ ಚೀಲಗಳ ಪಕ್ಕ ಬಿದ್ದಿತ್ತು. ಅರಸೀಕೆರೆ ನಾಯಕ ಕುಮಾರ ತೆಂಗಿನಕಾಯಿ ಸುಲಿಯುವ ಕೆಲಸಕ್ಕೆ ಹೋದ. ಅರೇಹಳ್ಳಿಯ ರೇಡರ್ ಮಂಜುನಾಥ ಕಾಫಿ ಹಣ್ಣು ಕೊಯ್ಯಲು ಹೋದ.

ಈ ಮಂಜುವಿನ ಬಗ್ಗೆ ಹೇಳಬೇಕು. ಸಣ್ಣ ಆಳು, ಅಗಲ ಎದೆ. ಅವನ ದಮ್ಮಿನಂಥ ದಮ್ಮನ್ನು ನನ್ನ ಇಡೀ ಸರ್ವೀಸಿನಲ್ಲಿ ಕೇಳಿಲ್ಲ. ಒಳಗೆ ಹೋದಾಗ ಯಾವ ದನಿಯೋ ಹೊರಗೆ ಬರುವಾಗಲೂ ಅದೇ ದನಿ. ಎಳೆ ಮುರಿಯದೆ ನೂಲು ತೆಗೆದ ಹಾಗೆ. ಸೀಸನ್ ಮೇಲೆ ಸೀಸನ್ ಕೇಳಿ ಕೇಳಿ, ಕಣ್ಣು ಮುಚ್ಚಿಕೊಂಡಿದ್ದರೂ ಅದು ಮಂಜುವಿನ ರೇಡು ಎಂದು ಹೇಳಬಲ್ಲವಳಾಗಿದ್ದೆ. ಒಂದು ಸಲವೂ ಅವನ ದಮ್ಮು ಮುರಿದದ್ದಕ್ಕೆ ನಾನು ಸೀಟಿ ಊದಿರಲಿಲ್ಲ.

ಮೂರನೇ ಅಲೆ ಶುರುವಾಗುವ ಹೊತ್ತಿಗೆ ಲೀಗು ಮತ್ತೆ ನಡೆಸಲೇಬೇಕು ಎಂದು ಎಲ್ಲರೂ ಪಟ್ಟು ಹಿಡಿದರು. ಊರೂರು ತಿರುಗುವುದು ಬೇಡ, ಒಂದೇ ಕಡೆ ಎಲ್ಲರನ್ನೂ ಕೂಡಿಹಾಕಿ ಆಡಿಸೋಣ ಎಂದಾಯಿತು. ಅರಸೀಕೆರೆಯಲ್ಲಿ ಒಂದು ಕಲ್ಯಾಣ ಮಂಟಪ ಹಿಡಿದೆವು. ಮದುವೆ ನಡೆಯುವ ಹಾಲಿನಲ್ಲಿ ಮ್ಯಾಟು. ಗಂಡಿನ ಕಡೆಯವರ ಕೋಣೆಗಳಲ್ಲಿ ಮೂರು ತಂಡ, ಹೆಣ್ಣಿನ ಕಡೆಯವರ ಕೋಣೆಗಳಲ್ಲಿ ಮೂರು ತಂಡ. ವಧುವಿನ ಕೋಣೆ ನನಗೆ. ಬಾಗಿಲಿನ ಮೇಲೆ ಹಿಂದಿನ ಮದುವೆಯ ಜೋಡಿ ಹೆಸರು ಥರ್ಮೋಕೋಲಿನಲ್ಲಿ ಹಾಗೇ ಅಂಟಿಕೊಂಡಿತ್ತು. ಯಾರೂ ಹೊರಗೆ ಹೋಗುವ ಹಾಗಿಲ್ಲ, ಯಾರೂ ಒಳಗೆ ಬರುವ ಹಾಗಿಲ್ಲ. ಪ್ರೇಕ್ಷಕರು ಇಲ್ಲ. ಪಂದ್ಯ ಮೊಬೈಲಿನಲ್ಲಿ ನೇರ ಪ್ರಸಾರ.

ಪರೀಕ್ಷೆ ಮಾಡಲು ಫಾತಿಮಾ ಸಿಸ್ಟರ್ ಎಂಬ ನರ್ಸ್ ಇದ್ದರು. ಆರಡಿ ಎತ್ತರದ ಡಿಫೆಂಡರುಗಳು ಅವರ ಹತ್ತಿಕಡ್ಡಿ ಮೂಗಿನ ಹತ್ತಿರ ಬಂದರೆ ಕುರ್ಚಿಯನ್ನೇ ಹಿಂದಕ್ಕೆ ತಳ್ಳಿಕೊಂಡು ಹೋಗುತ್ತಿದ್ದರು. ನನಗೆ ಬಾಯಲ್ಲಿ ಊದುವ ಸೀಟಿಯ ಬದಲು ಗುಂಡಿ ಒತ್ತಿದರೆ ಕೂಗುವ ಬ್ಯಾಟರಿ ಸೀಟಿ ಕೊಟ್ಟರು. ಟಾಸ್ ಆದಮೇಲೆ ನಾಯಕರು ಕೈ ಕುಲುಕಬಾರದು, ದೂರದಿಂದ ಕೈ ಮುಗಿಯಬೇಕು ಎಂಬ ನಿಯಮ ಬಂತು. ಕೈ ಮುಗಿದ ಎರಡು ನಿಮಿಷಕ್ಕೆ ಏಳು ಜನ ಒಬ್ಬನ ಮೇಲೆ ಬೀಳುತ್ತಿದ್ದರು. ಫಾತಿಮಾ ಸಿಸ್ಟರ್ ಮೊದಲ ದಿನ ಅದನ್ನು ನೋಡಿ, "ಮೇಡಂ, ಇದ್ಯಾವ ಸೀಮೆ ಅಂತರ ಕಾಪಾಡೋದು?" ಅಂತ ಕೇಳಿದರು.

ಒಂದು ಬೆಳಿಗ್ಗೆ ಬೇಲೂರಿಗೂ ಹಳೇಬೀಡಿಗೂ ಪಂದ್ಯ. ಹಳೇಬೀಡಿನ ರೇಡರ್ ಒಳಗೆ ಹೋದವನು ಕೆಮ್ಮಿದ. ದಮ್ಮು ಮುರಿಯಿತು, ಔಟ್ ಕೊಟ್ಟೆ. ಅವನು ಹೊರಗೆ ಬಂದೂ ಕೆಮ್ಮುತ್ತಲೇ ಇದ್ದ. ಅಷ್ಟರಲ್ಲಿ ಡಿಫೆಂಡರ್ ಒಬ್ಬ ಕೆಮ್ಮಿದ. ಇನ್ನೊಬ್ಬ ಸೀನಿದ. ಪಂದ್ಯ ನಿಲ್ಲಿಸಿ ಎಲ್ಲರನ್ನೂ ಕೋಣೆಗೆ ಕಳಿಸಿದೆ. ಫಾತಿಮಾ ಸಿಸ್ಟರ್ ಓಡಿ ಬಂದರು. ಅವರೂ ಕೆಮ್ಮಿದರು. ಆಮೇಲೆ ನನಗೂ ಕೆಮ್ಮು ಬಂತು. ಆಗ ಮೂಗಿಗೆ ಬಡಿಯಿತು, ಹಿಂದಿನ ಅಡುಗೆಮನೆಯಲ್ಲಿ ಭಟ್ಟರು ಮಧ್ಯಾಹ್ನದ ಸಾರಿಗೆ ಬ್ಯಾಡಗಿ ಮೆಣಸಿನಕಾಯಿ ಒಗ್ಗರಣೆ ಹಾಕುತ್ತಿದ್ದರು. ಎಣ್ಣೆ ಕಾದು ಮೆಣಸಿನಕಾಯಿ ಸೀದುಹೋಗಿತ್ತು. ಘಾಟು ಹಾಲಿನ ತುಂಬ ಹರಡಿತ್ತು.

ಎಲ್ಲರ ಪರೀಕ್ಷೆ ಮಾಡಿದರು, ಯಾರಿಗೂ ಏನೂ ಇಲ್ಲ. ನೇರ ಪ್ರಸಾರದಲ್ಲಿ ಊರೆಲ್ಲ ನೋಡಿತ್ತು. ಆವತ್ತಿನಿಂದ ನಾನು ಒಗ್ಗರಣೆ ಮೇಡಂ. ಆಟಗಾರರು ನನ್ನನ್ನು ಕಂಡರೆ ಸುಮ್ಮನೆ ಒಂದು ಸಲ ಕೆಮ್ಮುವುದು, ಬಾಯಿ ಮುಚ್ಚಿಕೊಂಡು ನಗುವುದು. ಶಿವಲಿಂಗಣ್ಣ ಫೋನು ಮಾಡಿ, "ಗಿರಿಜಕ್ಕಾ, ಇನ್ಮ್ಯಾಲೆ ನಿಲ್ಲಿಸೋ ಮುಂಚೆ ಅಡಿಗೆಮನೆಗೊಂದು ಇಣುಕಿ ನೋಡ್ಬುಡಿ" ಅಂದರು. ನಾನೂ ನಕ್ಕೆ. ಆದರೆ ಆ ನಗು ಒಳಗೆ ಎಲ್ಲೋ ಚುಚ್ಚಿಕೊಂಡು ಉಳಿಯಿತು ಎಂದು ಗೊತ್ತಾದದ್ದು ಸೆಮಿಫೈನಲಿನ ದಿನ.

ಅರಸೀಕೆರೆಗೂ ಅರೇಹಳ್ಳಿಗೂ ಸೆಮಿಫೈನಲ್. ಮಧ್ಯಾಹ್ನದ ಪಂದ್ಯ. ದೊಡ್ಡ ಲೀಗಿನವರು ಇಬ್ಬರು ವಿಶೇಷ ಅನುಮತಿ ಪಡೆದು ಆಟಗಾರರನ್ನು ಆರಿಸಲು ಬಂದಿದ್ದರು. ಮಾಸ್ಕ್ ಹಾಕಿಕೊಂಡು ಬಾಲ್ಕನಿಯಲ್ಲಿ ದೂರ ದೂರ ಕೂತಿದ್ದರು. ಅವರು ಬಂದದ್ದು ಮಂಜುವಿಗಾಗಿ ಎಂದು ಎಲ್ಲರಿಗೂ ಗೊತ್ತಿತ್ತು. ಅವನಿಗೆ ಆಗಲೇ ಇಪ್ಪತ್ತೇಳು. ಇದು ತಪ್ಪಿದರೆ ಮತ್ತೆ ಯಾರೂ ಅವನನ್ನು ನೋಡಲು ಬರುವುದಿಲ್ಲ. ರೆಫರಿ ನಾನು. ರುದ್ರಪ್ಪ ಮೇಷ್ಟ್ರು ಪಂದ್ಯದ ಮೇಲ್ವಿಚಾರಕರಾಗಿ ಮೇಜಿನ ಹತ್ತಿರ ಕೂತಿದ್ದರು.

ಮೊದಲರ್ಧ ಮಂಜು ಚೆನ್ನಾಗಿಯೇ ಆಡಿದ. ಎರಡನೇ ಅರ್ಧದ ನಡುವೆ ಅವನ ಒಂದು ರೇಡಿನಲ್ಲಿ ನನ್ನ ಕಿವಿಗೆ ಏನೋ ಬಿತ್ತು. ದಮ್ಮು ಮುರಿದಿರಲಿಲ್ಲ. ಆದರೆ ಪ್ರತಿ "ಕಬಡ್ಡಿ"ಯ ಹಿಂದೆ ಒಂದು ಸಣ್ಣ ಕರಕರ. ಒಣಗಿದ ತೆಂಗಿನ ಗರಿ ನೆಲಕ್ಕೆ ಉಜ್ಜಿದ ಹಾಗೆ. ಹೊರಗೆ ಬಂದವನು ಮಂಡಿ ಹಿಡಿದು ಬಗ್ಗಿ ನಿಂತ. ಮಂಜು ಬಗ್ಗಿ ನಿಂತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ನಿಲ್ಲಿಸಬೇಕು ಅನ್ನಿಸಿತು. ಗುಂಡಿಯ ಮೇಲೆ ಹೆಬ್ಬೆರಳು ಇತ್ತು. ಒಗ್ಗರಣೆ ಮೇಡಂ ಎಂಬ ನಗು ಕಿವಿಯಲ್ಲಿ ಕೇಳಿಸಿತು. ಇದು ನನ್ನೂರು ಸೋಲುತ್ತಿರುವ ಪಂದ್ಯ. ಅರೇಹಳ್ಳಿ ನಾಲ್ಕು ಪಾಯಿಂಟು ಮುಂದಿದೆ. ಮೇಲೆ ಬಾಲ್ಕನಿಯಲ್ಲಿ ಅವನ ಬದುಕನ್ನು ಬದಲಿಸುವವರು ಕೂತಿದ್ದಾರೆ. ಬೆಳಿಗ್ಗೆ ಅವನ ಹಣೆಗೆ ಹಿಡಿದ ಜ್ವರದ ಗನ್ನು ಸರಿಯಾಗಿಯೇ ತೋರಿಸಿತ್ತು. ಊಹೆ ಮಾಡಿ ಊದಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಊಹೆಯಾಗಿರಲಿಲ್ಲ. ನಾನು ಕೇಳಿದ್ದೆ.

ಇನ್ನೊಂದು ರೇಡು ಹೋಯಿತು. ಕರಕರ ಜಾಸ್ತಿಯಾಯಿತು. ಮತ್ತೊಂದು ಹೋಯಿತು. ಮೂರನೆಯದರಲ್ಲಿ ಕುಮಾರ ಅವನ ಪಾದ ಹಿಡಿದ. ಇನ್ನೂ ಮೂವರು ಮೇಲೆ ಬಿದ್ದರು. ಮಂಜು ನಾಲ್ಕು ಜನರನ್ನೂ ಎಳೆದುಕೊಂಡು, ಅವರ ಮುಖಕ್ಕೆ ಮುಖ ಒತ್ತಿ ಉಸಿರುಗರೆಯುತ್ತ ಗೆರೆ ಮುಟ್ಟಲು ನೋಡಿದ. ಮುಟ್ಟಲಿಲ್ಲ. ಎದ್ದು ಹೊರಗೆ ಹೋಗುವಾಗ ತುಟಿ ಬಿಳುಚಿಕೊಂಡಿತ್ತು. ಆಗ ಗುಂಡಿ ಒತ್ತಿದೆ.

"ಪಂದ್ಯ ನಿಲ್ಲಿಸಿದ್ದೇನೆ. ಸಿಸ್ಟರ್, ಮಂಜುನ ನೋಡಿ."

ಅರೇಹಳ್ಳಿ ತಂಡದವರು ಅಂಕಣದೊಳಗೆ ನುಗ್ಗಿದರು. ಅವರ ತರಬೇತುದಾರ ನನ್ನ ಮುಖಕ್ಕೆ ಬೆರಳು ತೋರಿಸಿ ಕೂಗಿದ. "ನಿಮ್ಮೂರು ಸೋಲ್ತಾ ಐತೆ ಅಂತ ತಾನೇ ನಿಲ್ಲಿಸಿದ್ದು? ಯಾವ ರೂಲ್ಸ್‌ನಾಗೈತೆ ತೋರ್ಸಿ!" ದೀಪ ಹೋದರೆ, ಮಳೆ ಬಂದರೆ, ಗಲಾಟೆಯಾದರೆ ರೆಫರಿ ಪಂದ್ಯ ನಿಲ್ಲಿಸಬಹುದು ಎಂದು ಪುಸ್ತಕದಲ್ಲಿತ್ತು. ದಮ್ಮು ಕರಕರ ಅಂದರೆ ನಿಲ್ಲಿಸಬಹುದು ಎಂದು ಇರಲಿಲ್ಲ.

ಮಂಜು ನನ್ನ ಎದುರಿಗೆ ಬಂದು ನಿಂತ. ಕೂಗಲಿಲ್ಲ. "ಮೇಡಂ, ಆರ್ ನಿಮಿಷ ಐತೆ. ಆರೇ ನಿಮಿಷ. ಆಮ್ಯಾಲೆ ಏನ್ ಬೇಕಾದ್ರೂ ಚೆಕ್ ಮಾಡ್ಕಳಿ" ಅಂದ. ಕಣ್ಣಲ್ಲಿ ನೀರಿತ್ತು.

"ಬೆಳಿಗ್ಗೆ ಮಾತ್ರೆ ತಗೊಂಡಿದ್ದೀಯೇನೋ ಮಂಜು?"

ಅವನು ಬೇರೆ ಕಡೆ ನೋಡಿದ. ಜ್ವರ ಇಳಿಸುವ ಮಾತ್ರೆ ನುಂಗಿ ಗನ್ನಿನ ಮುಂದೆ ನಿಂತಿದ್ದ. ಎರಡು ದಿನದಿಂದ ಹಾಗೇ ಮಾಡಿದ್ದ. ಸಿಸ್ಟರ್ ಕಾಲು ಗಂಟೆಯಲ್ಲಿ ಫಲಿತಾಂಶ ತಂದರು. ಪಾಸಿಟಿವ್. ಬಾಲ್ಕನಿಯಲ್ಲಿದ್ದ ಇಬ್ಬರೂ ಹಿಂದಿನ ಮೆಟ್ಟಿಲಿನಿಂದ ಇಳಿದು ಕಾರು ಹತ್ತಿ ಹೊರಟುಹೋದರು.

ಸಂಜೆ ರುದ್ರಪ್ಪ ಮೇಷ್ಟ್ರು ವರದಿಯ ಹಾಳೆ ನನ್ನ ಮುಂದೆ ಇಟ್ಟರು. ದೂರ ಕೂತು ಕೇಳಿದರು, "ನಿನಗೆ ಯಾವಾಗ ಕೇಳಿಸ್ತು?"

ಕೊನೆಯ ರೇಡಿನಲ್ಲಿ ಎಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಕಿವಿ ನನ್ನದೊಬ್ಬಳದೇ.

"ಮೂರು ರೇಡಿಗೆ ಮುಂಚೆ ಕೇಳಿಸ್ತು ಸಾರ್. ನಗ್ತಾರೆ ಅಂತ ಹೆದರಿಕೊಂಡೆ."

ಅವರು, "ಹಾಗೇ ಬರಿ" ಅಂದರು. ಬರೆದೆ. ನನ್ನ ಸರ್ವೀಸಿನಲ್ಲಿ ನನ್ನ ವಿರುದ್ಧ ನಾನೇ ಬರೆದುಕೊಂಡ ವರದಿ ಅದೊಂದೇ. ಸಹಿ ಮಾಡಿ ಕೊಟ್ಟಾಗ ಅವರು ಓದಿ, ಕೆಳಗೆ ತಮ್ಮ ಸಹಿಯನ್ನೂ ಹಾಕಿ, "ಮುಂದಿನ ಪಂದ್ಯಕ್ಕೂ ನೀನೇ ರೆಫರಿ" ಅಂದರು.

ಎಲ್ಲರ ಪರೀಕ್ಷೆ ಆಯಿತು. ಆ ಕೊನೆಯ ಹಿಡಿತದಲ್ಲಿ ಮಂಜುವಿನ ಮೇಲೆ ಬಿದ್ದ ನಾಲ್ವರಲ್ಲಿ ಮೂವರಿಗೆ ನಾಲ್ಕು ದಿನದ ಮೇಲೆ ಬಂತು. ಅದು ಆ ಹಿಡಿತದಿಂದಲೇ ಬಂತೋ ಇಲ್ಲವೋ ಹೇಳಲು ಬರುವುದಿಲ್ಲ ಎಂದು ಸಿಸ್ಟರ್ ಸಮಾಧಾನ ಹೇಳಿದರು. ನನಗೆ ಸಮಾಧಾನವಾಗಲಿಲ್ಲ. ಅವರಲ್ಲಿ ಕುಮಾರನೂ ಒಬ್ಬ. ಅರೇಹಳ್ಳಿ ತಂಡದಲ್ಲಿ ಐವರು ಬಿಟ್ಟು ಉಳಿದವರೆಲ್ಲರಿಗೂ ಬಂತು. ಆಮೇಲೆ ನನಗೂ. ಲೀಗು ನಿಂತಿತು, ಕಲ್ಯಾಣ ಮಂಟಪವೇ ಆಸ್ಪತ್ರೆಯಂತಾಯಿತು. ನಾನು ವಧುವಿನ ಕೋಣೆಯಲ್ಲಿ ಎಂಟು ದಿನ ಮಲಗಿದೆ. ನಮ್ಮ ಮನೆಯವರು ದಿನಾ ಗೇಟಿನ ಹತ್ತಿರ ರಾಗಿ ಅಂಬಲಿ, ಮೆಣಸಿನ ಸಾರು ಇಟ್ಟು, ಕಿಟಕಿಗೆ ಮುಖ ಮಾಡಿ, "ಮದುಮಗಳು ಹೆಂಗಿದ್ದಾಳೆ?" ಅಂತ ಕೂಗಿ ಹೋಗುತ್ತಿದ್ದರು. ಅಷ್ಟು ಜ್ವರದಲ್ಲೂ ನಗು ಬರುತ್ತಿತ್ತು.

ಮಂಜುವಿನದು ಮಾತ್ರ ನಗುವ ಸಂಗತಿಯಾಗಿರಲಿಲ್ಲ. ಮೂರನೇ ದಿನ ಅವನನ್ನು ಹಾಸನದ ಆಸ್ಪತ್ರೆಗೆ ಸೇರಿಸಿದರು. ಆಕ್ಸಿಜನ್ ಹಾಕಿದರು. ಇನ್ನು ಆರು ನಿಮಿಷ ಆಡಿದ್ದರೆ ಎಂದು ಅಲ್ಲಿನ ಡಾಕ್ಟರು ತಲೆಯಾಡಿಸಿದರು ಎಂದು ಸಿಸ್ಟರ್ ಹೇಳಿದರು. ಹತ್ತು ಹನ್ನೆರಡು ದಿನದ ಮೇಲೆ ಎದ್ದು ಕೂತ. ನಾನು ಫೋನು ಮಾಡಿದೆ. ಅವನು ಎತ್ತಲಿಲ್ಲ. ಮತ್ತೆ ಮಾಡಿದೆ. ಅವನ ತಾಯಿ ಎತ್ತಿ, "ಮಲಗವ್ನೆ ಕಣ್ರವ್ವಾ" ಅಂದರು. ಹಿಂದಿನಿಂದ ಅವನ ದನಿ ಕೇಳಿಸಿತು, "ಇಲ್ಲ ಅಂತ ಹೇಳವ್ವಾ." ನಾನು ಕೇಳಿಸಿಕೊಂಡೆ ಎಂದು ಆ ತಾಯಿಗೂ ತಿಳಿಯಿತು. ಆಮೇಲೆ ಅವರು, "ಉಳದವ್ನಲ್ಲ, ಸಾಕು ಬಿಡ್ರವ್ವಾ" ಅಂದರು.

ನಿಂತ ಸೆಮಿಫೈನಲನ್ನು ಮೂರು ವಾರದ ಮೇಲೆ ನಿಂತಲ್ಲಿಂದಲೇ ಮುಂದುವರಿಸಿದೆವು. ಆರು ನಿಮಿಷದ ಪಂದ್ಯ. ಸೋಂಕು ವಾಸಿಯಾಗಿ ಎದ್ದು ಓಡಾಡುತ್ತಿದ್ದವರನ್ನೂ ಆಡಲು ಡಾಕ್ಟರು ಬಿಡಲಿಲ್ಲ. ಅರೇಹಳ್ಳಿಯಲ್ಲಿ ಐವರೇ. ಐವರಿದ್ದರೂ ಆಡಬಹುದು ಎಂದು ನಮ್ಮ ಪುಸ್ತಕದಲ್ಲಿತ್ತು. ಆ ಸಾಲನ್ನು ನಾನು ಮೊದಲ ಸಲ ಬಳಸಿದ್ದು ಆವತ್ತೇ. ಅರಸೀಕೆರೆಯಲ್ಲಿ ಏಳು ಜನ, ಅದರಲ್ಲಿ ಮೂವರು ಬದಲಿ ಆಟಗಾರರು. ಮೊದಲೇ ಮುಂದಿದ್ದ ಆ ಐವರು ಆರು ನಿಮಿಷವನ್ನು ಹಲ್ಲು ಕಚ್ಚಿ ಕಳೆದರು. ರೇಡಿಗೆ ಹೋದರೆ ಗೆರೆಯ ಹತ್ತಿರವೇ ಸುಳಿದು ವಾಪಸು. ಅರಸೀಕೆರೆಯವರು ಒಂದೊಂದೇ ಪಾಯಿಂಟು ಹತ್ತಿರ ಬಂದರು. ಕೊನೆಯ ರೇಡು ಮುಗಿದಾಗ ಅರೇಹಳ್ಳಿ ಒಂದೇ ಒಂದು ಪಾಯಿಂಟಿನಿಂದ ಗೆದ್ದಿತ್ತು. ಪ್ರೇಕ್ಷಕರಿಲ್ಲದ ಹಾಲಿನಲ್ಲಿ ಅಡಿಗೆ ಭಟ್ಟರು ಸೌಟು ಹಿಡಿದುಕೊಂಡೇ ಚಪ್ಪಾಳೆ ತಟ್ಟಲು ನೋಡಿದರು. ಬೆರಳು ತೋರಿಸಿ ಕೂಗಿದ್ದ ತರಬೇತುದಾರ ನನ್ನ ಹತ್ತಿರ ಬಂದು ಕೈ ಮುಗಿದ. ಶಿವಲಿಂಗಣ್ಣ ಮಾತ್ರ, "ಆವತ್ತೇ ಆಡ್ಸಿದ್ರೆ ಗೆಲ್ತಿದ್ವಿ, ನಿಮ್ಮ ದೆಸೆಯಿಂದ ಸೋತ್ವಲ್ಲಾ ಗಿರಿಜಕ್ಕಾ" ಎಂದು ಗೊಣಗಿ, ಸಂಜೆ ಎಲ್ಲರಿಗೂ ಎಳನೀರು ಕಳಿಸಿದರು. ಫೈನಲಿನಲ್ಲಿ ಅರೇಹಳ್ಳಿಯವರು ಬೇಲೂರಿನ ಎದುರು ಸೋತರು. ಅದು ಸೋಲಬಹುದಾದ ಪಂದ್ಯವೇ, ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಆ ಸೀಸನ್ನಿನ ಮೇಲೆ ಲೀಗಿನ ಕಾಗದದಲ್ಲಿ ಇನ್ನೊಂದು ಸಾಲು ಸೇರಿತು. ಆಟಗಾರನ ಆರೋಗ್ಯದ ಬಗ್ಗೆ ಅನುಮಾನ ಬಂದರೆ ರೆಫರಿ ಆ ಕ್ಷಣವೇ ಪಂದ್ಯ ನಿಲ್ಲಿಸಬಹುದು, ಅದನ್ನು ಯಾರೂ ಪ್ರಶ್ನಿಸುವ ಹಾಗಿಲ್ಲ. ನೀವು ಈಗ ಬಾಯಿಪಾಠ ಮಾಡಿರುವ ಸಾಲು ಅದೇ. ಅದರ ಹಿಂದೆ ಮೂರು ರೇಡಿನಷ್ಟು ನನ್ನ ಹೇಡಿತನ ಇದೆ ಎಂದು ನಿಮಗೆ ಗೊತ್ತಿರಲಿ. ಅನುಮಾನ ಸುಳ್ಳಾದರೆ ನಗುತ್ತಾರೆ, ಅಡ್ಡಹೆಸರು ಇಡುತ್ತಾರೆ. ಒಂದು ವಾರ ಕೆಮ್ಮುತ್ತಾರೆ, ಆಮೇಲೆ ಮರೆಯುತ್ತಾರೆ.

ಮುಂದಿನ ಸೀಸನ್ನು ನನ್ನ ಕೊನೆಯದು. ಜನ ಮತ್ತೆ ಬಂದರು, ಬಾಯಲ್ಲಿ ಊದುವ ಸೀಟಿ ಮತ್ತೆ ಬಂತು. ಮೊದಲ ಪಂದ್ಯ ಬೇಲೂರಿನಲ್ಲಿ. ಅರೇಹಳ್ಳಿಯಿಂದ ಎರಡು ಬಸ್ಸು ತುಂಬ ಜನ ಬಂದಿದ್ದರು, ಯಾಕೆಂದರೆ ಮಂಜು ಆಡುತ್ತಾನೆ ಎಂದು ಸುದ್ದಿಯಾಗಿತ್ತು. ದೊಡ್ಡ ಲೀಗಿನವರು ಮತ್ತೆ ಬಂದಿರಲಿಲ್ಲ. ಅವನು ಮ್ಯಾಟಿಗೆ ಹಣೆ ಮುಟ್ಟಿಸಿ ಒಳಗೆ ಬಂದ. ನನ್ನ ಕಡೆ ನೋಡಲಿಲ್ಲ.

ಅವನ ಎರಡನೇ ರೇಡು. ಇಪ್ಪತ್ತು ಸೆಕೆಂಡಿನವರೆಗೆ ಹಳೆಯ ಮಂಜುವೇ. ಮೂಲೆಯವನನ್ನು ಮುಟ್ಟಿ ತಿರುಗಿದ. ತಿರುಗುವಾಗ ದಮ್ಮಿನಲ್ಲಿ ಒಂದು ಕೂದಲೆಳೆಯಷ್ಟು ಬಿರುಕು. ಒಳಗೊಂದು ಉಸಿರು ಎಳೆದುಕೊಂಡ. ಎದುರಾಳಿಗಳಿಗೆ ಕೇಳಿಸಲಿಲ್ಲ. ಜನ ಆಗಲೇ ಕೇಕೆ ಹಾಕುತ್ತಿದ್ದರು. ಆಸ್ಪತ್ರೆಯಲ್ಲಿ ಮಲಗಿ ಎದ್ದು ಬಂದವನು, ಒಂದು ಪಾಯಿಂಟು ಬಿಟ್ಟುಬಿಟ್ಟರೆ ಏನಾಯಿತು ಎಂದು ಮನಸ್ಸು ಹೇಳಿತು. ಆ ಸಲ ಮನಸ್ಸಿನ ಮಾತು ಕೇಳಲು ನಾನು ನಿಲ್ಲಲಿಲ್ಲ. ಸೀಟಿ ಊದಿ ಕೈ ಎತ್ತಿದೆ. ದಮ್ಮು ಬಿಟ್ಟಿದ್ದಾನೆ, ಔಟ್.

ಅರೇಹಳ್ಳಿಯ ಜನ ಬೈದರು. ಒಬ್ಬ ಎದ್ದು ನಿಂತು, "ಹೋದ್ಸಲ ಅವನ್ ಬದುಕು ನಿಲ್ಲಿಸಿದ್ದು ಸಾಲ್ದಾ?" ಎಂದು ಕೂಗಿದ. ಮಂಜು ಗೆರೆಯ ಹತ್ತಿರ ನಿಂತು ನನ್ನನ್ನು ನೋಡಿದ. ಆ ಕಡೆಯವರಿಗೆ ಸುಮ್ಮನಿರಿ ಎಂದು ಕೈ ಮಾಡಿ, ತನ್ನ ಎದೆಯನ್ನು ಬೆರಳಿನಿಂದ ತಟ್ಟಿ ತೋರಿಸಿ, ಹೊರಗೆ ಹೋಗಿ ಕೂತ.

ಮತ್ತೆ ಒಳಗೆ ಬಂದಮೇಲೆ ಅವನು ಆಟವನ್ನೇ ಬದಲಿಸಿಕೊಂಡ. ಹತ್ತು ಹನ್ನೆರಡು ಸೆಕೆಂಡಿನಲ್ಲಿ ನುಗ್ಗಿ, ಮುಟ್ಟಿ, ವಾಪಸು. ಇದ್ದಷ್ಟು ಉಸಿರಿಗೆ ಸರಿಯಾಗಿ ಅಳತೆ ಮಾಡಿದ ಹಾಗೆ. ಪಂದ್ಯ ಅವರು ಗೆದ್ದರು.

ನಾನು ಸ್ಟೂಲಿನ ಮೇಲೆ ಕೂತು ಶೂ ಬಿಚ್ಚುತ್ತಿದ್ದೆ. ಅವನು ಬಂದು ಎದುರಿಗೆ ನೆಲದ ಮೇಲೆ ಕೂತ. ಬೆವರು ಒರೆಸಿಕೊಂಡ. ಮಾತು ಅವನೇ ಶುರು ಮಾಡಿದ.

"ಮೇಡಂ, ಒಂದ್ ವರ್ಷ ನಿಮ್ ಮ್ಯಾಲೆ ಸಿಟ್ಟಿತ್ತು."

"ಗೊತ್ತು ಕಣೋ."

"ಇವತ್ತು ನನ್ ದಮ್ಮು ಕಡೀತು ಅಂತ ನನಗೊಬ್ಬನಿಗೇ ಗೊತ್ತಿತ್ತು. ನೀವು ಊದ್ತೀರೋ ಇಲ್ವೋ ಅಂತ ನೋಡ್ದೆ. ಪಾಪ ಅಂತ ಬಿಟ್ಟಿದ್ರೆ ನಾನು ಇವತ್ತೇ ಆಟ ಬಿಡ್ತಿದ್ದೆ ಮೇಡಂ."

ಅಷ್ಟು ಹೇಳಿ ಎದ್ದ. ಅವನ ಊರಿನವರು ಬಸ್ಸಿನ ಹಾರನ್ ಹೊಡೆಯುತ್ತಿದ್ದರು. "ನಾಡಿದ್ದು ಹಳೇಬೀಡಿನ್ ಮ್ಯಾಚಿಗೂ ನೀವೇ ತಾನೇ?" ಅಂತ ಕೇಳಿದ. ಹೌದು ಅಂದೆ.

"ಬತ್ತೀನಿ ಮೇಡಂ" ಎಂದು ಬಸ್ಸಿನ ಕಡೆಗೆ ಓಡಿದ.